ಚುಕ್ಕಿ ಸರಿಸಿದ ಬೆರಳು

ಎಸ್ಟೋನಿಯಾದ ಟಾರ್ಟು ಊರಿನ ಬಸ್ಸಿನಲ್ಲಿ ನನ್ನ ಎದುರು ಸೀಟಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಇಬ್ಬರ ಕೊರಳಲ್ಲೂ ಒಂದೇ ಆಸ್ಪತ್ರೆಯ ಗುರುತಿನ ಚೀಟಿ. ಕಿಟಕಿ ಪಕ್ಕದವಳ ಚೀಟಿಯಲ್ಲಿ ಉರ್ವೆ ಎಂದಿತ್ತು. ಇನ್ನೊಬ್ಬಳು ಅವಳನ್ನು ಕೇಳುತ್ತಿದ್ದಳು:

“ಸೊಸೆ ಬಸುರಿ ಅಂತ ನಿಂಗೆ ಹೇಗೆ ಗೊತ್ತಾಯ್ತು?”

“ಕಂಪ್ಯೂಟರಲ್ಲಿ ನೋಡ್ದೆ.”

“ನಮ್ಮ ಕೌಂಟರಿನವರಿಗೆ ಈಗ ರೋಗಿ ಹೆಸರು, ಬರೋ ಟೈಮು ಬಿಟ್ರೆ ಮಿಕ್ಕಿದ್ದೆಲ್ಲ ಬರೀ ಚುಕ್ಕಿ ಕಾಣತ್ತಲ್ಲೇ.”

“‘ತೋರಿಸು’ ಅಂತ ಒತ್ತಿ ಕಾರಣ ಬರೆದ್ರೆ ಚುಕ್ಕಿ ಹೋಗತ್ತೆ. ತುರ್ತು ಅಂತ ಬರೆದೆ.”

“ಯಾರಿಗೆ ತುರ್ತು?”

“ನಂಗೆ.”

“ಸರಿ ಹೋಯ್ತು. ನೀನು ನೋಡಿದ್ದು ಅವಳಿಗೆ ಹೇಗೆ ತಿಳೀತು?”

“ಭಾನುವಾರ ಊಟಕ್ಕೆ ಬಂದಿದ್ರು. ಎಲ್ರಿಗೂ ವೈನ್ ಹಾಕಿ, ಅವಳ ಲೋಟಕ್ಕೆ ಮಾತ್ರ ಸೇಬಿನ ರಸ ಹಾಕ್ಬಿಟ್ಟೆ. ನನ್ನ ಮಗನಿಗೇ ಇನ್ನೂ ಹೇಳಿರ್ಲಿಲ್ಲವಂತೆ.”

“ಏನಂದ್ಲು?”

“ಲೋಟ ಖಾಲಿ ಮಾಡಿದ್ಲು. ಮನೆಗೆ ಹೋಗಿ, ಆಸ್ಪತ್ರೆಲಿರೋ ತನ್ನ ದಾಖಲೆ ಯಾರು ಯಾರು ತೆಗೆದು ನೋಡಿದ್ದಾರೆ ಅಂತ ಆನ್‌ಲೈನಲ್ಲಿ ನೋಡಿದ್ದಾಳೆ, ಮಗ ಹೇಳ್ದ. ಅಲ್ಲಿ ನನ್ನ ಹೆಸರಿಗೆ ಚುಕ್ಕಿ ಇಲ್ಲ ಕಣೇ. ಪೂರ್ತಿ ಇದೆ.”

“ದೂರು ಕೊಟ್ಟಳಾ?”

“ಕೊಟ್ಟಿದ್ರೆ ಚೆನ್ನಾಗಿತ್ತು. ಇವತ್ತು ಬೆಳಿಗ್ಗೆ ನನ್ನ ಕೌಂಟರಿಗೇ ಬಂದ್ಲು.”

“ಮಾತಾಡಿಸಿದ್ಯಾ?”

“ತಲೆ ಎತ್ತೋಕಾಗ್ಲಿಲ್ಲ. ‘ನಿಮ್ಮ ಹೆಸರು?’ ಅಂದೆ. ಗುರುತೇ ಇಲ್ದವರಿಗೆ ಹೇಳೋ ಹಾಗೆ, ನಮ್ಮ ಮನೆತನದ ಹೆಸರೂ ಸೇರಿಸಿ ನಿಧಾನಕ್ಕೆ ಹೇಳಿದ್ಲು.”

ಬಸ್ಸು ನಿಂತಿತು. ಉರ್ವೆ ಎದ್ದು, ಕೊರಳ ಚೀಟಿಯನ್ನು ಕೋಟಿನೊಳಗೆ ತೂರಿಸಿ, ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು ಇಳಿದಳು.