ಕೊನೆಯ ದೋಣಿಯ ಸಮಯ

ದ್ವೀಪಕ್ಕೆ ಹೋಗುವ ದೋಣಿಯ ಸಾಲಿನಲ್ಲಿ ಸ್ತಮಾತಿಯಾ ಚೀಸ್ ಮಾರಿ ಖಾಲಿಯಾದ ಬುಟ್ಟಿ ಹಿಡಿದು ನಿಂತಿದ್ದಳು. ಅವಳಿಗೆ ಬೆನ್ನು ಹಾಕಿಕೊಂಡು ದೋಣಿಯ ಮಾಲೀಕ ಸಿದೆರಿಸ್ ತನ್ನ ಅಣ್ಣನ ಮಗಳು ಅರ್ಗಿರೋ ಜೊತೆ ವಾದಕ್ಕಿಳಿದಿದ್ದ. ಅವನ ದೋಣಿಯ ವೆಬ್‌ಪುಟ ತಿದ್ದುತ್ತಿದ್ದವಳು ಅವಳೇ.

“ನನ್ನ ಕಂಪ್ಯೂಟರಲ್ಲಿ ಎಷ್ಟು ಚೆನ್ನಾಗಿ ಕಾಣುತ್ತೆ! ಯಾಕೆ ಕೆಡಿಸ್ತೀಯ?”

“ಚಿಕ್ಕಪ್ಪ, ಈ ಸಾಲಲ್ಲಿ ಯಾರಾದ್ರೂ ಕಂಪ್ಯೂಟರ್ ಹೊತ್ಕೊಂಡು ಬಂದಿದಾರಾ? ಫೋನಲ್ಲಿ ನೋಡಿ. ಪರದೆ ತುಂಬಾ ತಾತನ ಫೋಟೋ. ವೇಳಾಪಟ್ಟಿ ಅರ್ಧಕ್ಕೇ ಕತ್ತರಿಸಿಹೋಗಿದೆ, ಕೊನೇ ದೋಣಿ ಕಾಣೋದೇ ಇಲ್ಲ.”

“ಬೆರಳಲ್ಲಿ ಪಕ್ಕಕ್ಕೆ ಸರಿಸಿದ್ರೆ ಕಾಣುತ್ತಲ್ಲ!”

“ಸರಿಸ್ಬೇಕು ಅಂತ ಯಾರಿಗೆ ಗೊತ್ತು? ಹೋದ ವಾರ ಚೀಸ್ ಮಾರೋ ಸ್ತಮಾತಿಯಾ ಅಜ್ಜಿ ದೋಣಿ ಇಲ್ಲ ಅನ್ಕೊಂಡು ಇಲ್ಲೇ ಚರ್ಚಿನ ಜಗಲಿ ಮೇಲೆ ರಾತ್ರಿ ಕಳೆದ್ರು.”

“ಅಜ್ಜಿಗೆ ಕಣ್ಣು ಮಂಜು.”

ಹಿಂದೆ ನಿಂತಿದ್ದ ಸ್ತಮಾತಿಯಾಗೆ ಅದು ಕೇಳಿಸಿತು. ವಾರವಿಡೀ ಅವಳೂ ತನ್ನ ಕಣ್ಣನ್ನೇ ಬೈದುಕೊಂಡಿದ್ದಳು.

“ಅಜ್ಜಿ ಕಣ್ಣು ಸರಿಯಾಗೇ ಇದೆ, ಕೆಟ್ಟಿರೋದು ನಮ್ಮ ಪುಟ. ಪರದೆ ಎಷ್ಟೇ ಸಣ್ಣದಿರ್ಲಿ, ಸಮಯ ಪೂರ್ತಿ ಕಾಣ್ಬೇಕು. ಫೋಟೋ ಅದರ ಕೆಳಗೆ. ಇಲ್ಲಾಂದ್ರೆ ನಾನು ಮಾಡಲ್ಲ.”

“ನಮ್ಮಪ್ಪನ್ನ ಕೆಳಗೆ ತಳ್ತೀಯಾ?”

“ದೋಣಿ ನಡೆಸ್ತಿದ್ದಾಗ ತಾತ ಒಬ್ರನ್ನಾದ್ರೂ ದಡದಲ್ಲಿ ಬಿಟ್ಟು ಹೊರಟಿದ್ರಾ, ಚಿಕ್ಕಪ್ಪ?”

ದೋಣಿಯ ಹಾರ್ನ್ ಭೋಂ ಎಂದಿತು. ಹಗ್ಗ ಬಿಚ್ಚಲು ಹೊರಟ ಸಿದೆರಿಸ್ ನಾಲ್ಕು ಹೆಜ್ಜೆ ಹೋಗಿ ತಿರುಗಿದ.

“ಆಯ್ತು, ಕೆಳಗೇ ಹಾಕು. ಫೋಟೋದಲ್ಲಿ ಅಪ್ಪನ ಟೋಪಿ ಮಾತ್ರ ಕತ್ತರಿಸ್ಬೇಡ.”