ಬೆಳಕಿನ ಪಾಠ

ತರೀಕೆರೆ ಬಸ್ಸಿಗಾಗಿ ಭದ್ರಾವತಿಯ ನಿಲ್ದಾಣದಲ್ಲಿ ಕುಳಿತು ಮನಸ್ಸಿನಲ್ಲೇ ಸಹಸ್ರನಾಮವನ್ನು ಪಠಿಸುತ್ತಿದ್ದ ಜನಾರ್ದನ ಶಾಸ್ತ್ರಿಗಳ ಕಿವಿಗೆ, ಪಕ್ಕದಲ್ಲಿದ್ದ ಇಬ್ಬರು ಕಾಲೇಜು ಉಪನ್ಯಾಸಕಿಯರ ಮಾತು ಬೇಡವೆಂದರೂ ಬೀಳುತ್ತಿತ್ತು.

“ಅಂತೂ ಮೈಸೂರಿನ ರಿಫ್ರೆಶರ್ ಕೋರ್ಸಿಗೆ ನೀನೇ ಹೊರಟೆ, ಮೀರಾ. ಅರ್ಜಿ ಹಾಕಿದ್ದು ಇಬ್ಬರೂ. ಪ್ರಿನ್ಸಿಪಾಲರ ಕಣ್ಣಿಗೆ ಬಿದ್ದಿದ್ದು ನೀನೊಬ್ಬಳೇ.”

“ಮುಂದಿನ ವರ್ಷ ನಿಂದೇ ಬಿಡೇ, ವಸುಧಾ.”

“ಹೋದ ವರ್ಷಾನೂ ಹಿಂಗೇ ಅಂದಿದ್ರು. ಆ ಕೋರ್ಸ್ ಆಗ್ದೆ ನಂಗೆ ಸೀನಿಯರ್ ಸ್ಕೇಲ್ ಸಂಬಳ ಸಿಗಲ್ಲ. ರಿಫ್ರೆಶ್ ಆಗೋಕೆ ಮೈಸೂರ್ಯಾಕೆ ಮಾರಾಯ್ತಿ, ಮುಖ ತೊಳ್ಕೊಂಡ್ರೆ ಸಾಲ್ದಾ?”

ಮೀರಾ ಕಿಲಕಿಲನೆ ನಕ್ಕಳು. “ಹೊಟ್ಟೆಕಿಚ್ಚು ಪಡ್ಬೇಡ. ನಾನು ಬರೋವರೆಗೂ ನನ್ನ ಕ್ಲಾಸ್ ತಗೋ, ಅಷ್ಟು ಸಾಕು.”

“ತಗೋತೀನಿ. ಸೋಮವಾರಾನೇ ಬೆಳಕಿನ ಪಾಠ ಶುರು ಮಾಡ್ತೀನಿ.”

“ಅದು ಬೇಡ ಕಣೇ. ಅದನ್ನ ನಾನೇ ಬಂದು ಮಾಡ್ತೀನಿ.”

“ಯಾಕೆ, ಪೋರ್ಷನ್ ಮುಗೀಬೇಡ್ವಾ?”

“ಪ್ರಿಸಮ್ ಹಿಡಿದು ಗೋಡೆ ಮೇಲೆ ಕಾಮನಬಿಲ್ಲು ಬೀಳ್ಸೋದು ಪ್ರತಿ ವರ್ಷ ನಾನೇ. ಹುಡುಗೀರು ಅದಕ್ಕೇ ಕಾಯ್ತಿರ್ತಾರೆ.”

“ನಾನು ಬೀಳ್ಸಿದ್ರೂ ಏಳೇ ಬಣ್ಣ ಬರೋದು. ಅವರಿಗೆ ನನ್ನ ಪಾಠವೇ ಹಿಡಿಸಿಬಿಟ್ರೆ ಆಮೇಲೆ ನನ್ನ ಬೈಬೇಡ.”

ಇಷ್ಟು ಹೊತ್ತು ಮೀರಾಳ ಮುಖದಲ್ಲಿದ್ದ ನಗೆ ಈಗ ವಸುಧಾಳ ಮುಖಕ್ಕೆ ವಲಸೆ ಹೋಗಿರುವುದನ್ನು ಶಾಸ್ತ್ರಿಗಳು ಕಡೆಗಣ್ಣಿನಿಂದ ಕಂಡರು. ಅಷ್ಟರಲ್ಲಿ ಶಿವಮೊಗ್ಗದ ಬಸ್ಸು ಬಂತು. ವಸುಧಾ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಹತ್ತಿದಳು. ಅವಳ ಹಿಂದೆ ಧಾವಿಸಿದ ಮೀರಾಳ ಕೂಗು ಬಾಗಿಲಿನಿಂದ ಕೇಳಿಸಿತು:

“ಪ್ರಿಸಮ್ ಇಟ್ಟಿರೋ ಲ್ಯಾಬ್ ಬೀರುವಿನ ಬೀಗದಕೈ ನಾನು ಮೈಸೂರಿಗೇ ತಗೊಂಡ್ಹೋಗ್ತೀನಿ, ನೋಡ್ತಿರು!”