ಕಟ್ಟಿಗೆ ಒಲೆಗೆ ರಿಯಾಯಿತಿ ಇಲ್ಲ

ವಿಜಯಪುರದ ಬಸ್ ನಿಲ್ದಾಣದಲ್ಲಿ ರೂಪಾಲಿ ಜಲನಗರದ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದ ಕಲ್ಲುಬೆಂಚಿಗೆ ಬಬಲೇಶ್ವರದ ಇಬ್ಬರು ಬಂದು ಕುಳಿತರು. ಖಾನಾವಳಿ ನಡೆಸುವ ರಾಧಾಬಾಯಿ, ಅದರ ಎದುರಿಗೇ ಚಹಾದ ಅಂಗಡಿ ಇಟ್ಟ ಮುನಾಫ. ಸೊರಗಿದ ಸಣ್ಣ ಹೋಟೆಲುಗಳಿಗೆ ಸರಕಾರ ಸಿಲಿಂಡರ್ ಮೇಲೆ ಕೊಡುವ ರಿಯಾಯಿತಿ ಅವನಿಗೆ ಸಿಕ್ಕಿತ್ತು, ಅವಳಿಗೆ ಸಿಕ್ಕಿರಲಿಲ್ಲ. ಇಷ್ಟು ತಿಳಿಯಲು ರೂಪಾಲಿಗೆ ಎರಡು ನಿಮಿಷ ಸಾಕಾಯಿತು.

“ನಿಮ್ಮ ಅರ್ಜಿ ಯಾಕ ವಾಪಸ್ ಬಂತ್ರಿ ಅಕ್ಕಾರ?” ಮುನಾಫ ಕೇಳಿದ.

“ನನ್ನ ಬಾಯೇ ಕೆಡಿಸ್ತು ತಮ್ಮಾ. ಸಾಹೇಬ್ರು ನೋಡಾಕ ಬಂದಾಗ ನಾಕು ರೊಟ್ಟಿ ಉಂಡು, ಭಾರಿ ರುಚಿ ಐತಿ ಅಂದ್ರು. ನಾ ಉಬ್ಬಿ, ಕಟಗಿ ಒಲಿ ರೊಟ್ಟಿರಿ, ನಮ್ಮಲ್ಲಿ ಗ್ಯಾಸ್ ಮುಟ್ಟಂಗಿಲ್ಲ ಅಂದೆ. ಅದನ್ನ ಬರಕೊಂಡು ಹೋದ್ರು.”

“ಕಟಗಿ ಏನ್ ಪುಕ್ಕಟ ಬರ್ತಾವೇನ್ರಿ? ಇದೆಂಥಾ ನ್ಯಾಯ!”

“ನಿನಗರೆ ಸಿಕ್ತಲ್ಲ. ನಾ ಬಾಗಲಾ ಹಾಕಿದ್ರೂ ನಿನ್ನ ಅಂಗಡಿ ನಡೀತೈತಿ.”

“ಎಲ್ಲಿ ನಡೀತೈತ್ರಿ? ನಿಮ್ಮಲ್ಲಿ ಉಂಡವ್ರ ನನ್ನ ಕಡೆ ಚಹಾ ಕುಡಿಯೋದು.”

ರಾಧಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಜಲನಗರದ ಬಸ್ಸು ಬಂದು ಹೋಯಿತು. ರೂಪಾಲಿ ಏಳಲಿಲ್ಲ.

“ಒಂದ್ ಕೆಲಸಾ ಮಾಡ್ರಿ ಅಕ್ಕಾರ. ಬ್ಯಾಳಿ, ಪಲ್ಲೆ ನನ್ನ ಗ್ಯಾಸಿನ ಮ್ಯಾಲ ಕುದಸ್ರಿ. ನಿಮ್ಮ ಕಟಗಿ ರೊಟ್ಟಿಗಷ್ಟ ಇರ್ಲಿ.”

“ಸಾಹೇಬ್ರು ಮತ್ತ ಬಂದ್ರ?”

ಬಬಲೇಶ್ವರದ ಬಸ್ಸು ಬಂತು. ಮುನಾಫ ಅವಳ ಚೀಲ ಎತ್ತಿಕೊಂಡ.

“ಬರ್ಲಿ. ನೀವು ರೊಟ್ಟಿ ನೀಡ್ರಿ. ಮಾತು ನಾ ಆಡ್ತೀನಿ.”